ಗಾಳಿ ಬರುವ ತನಕ

ಕಾರವಾರದಿಂದ ಮಲ್ಪೆಗೆ ಬರಲು ಎಷ್ಟು ಹೊತ್ತು ಬೇಕು? ರೈಲು ಹತ್ತಿದರೆ ಅರ್ಧ ದಿನವೂ ಬೇಡ. ನನಗೆ ಐದು ದಿನ ಹಿಡಿಯಿತು!

ಕಳೆದ ತಿಂಗಳು ಹೀಗೆ ಹೇಳಿದಾಗ ಹಾಸ್ಟೆಲ್ ಗೆಳೆಯರು ನಕ್ಕರು. ‘ಲೇ, ನಡ್ಕೊಂಡು ಬಂದ್ಯೇನೋ?’ ಅಂದರು. ಇಲ್ಲ ಮಾರಾಯ್ರೆ, ಹಾಯಿದೋಣಿಯಲ್ಲಿ ಬಂದೆ. ಬೆಳಿಗ್ಗೆ ಒಂದು ಬಂದರು, ಸಂಜೆ ಇನ್ನೊಂದು. ನಡುವೆ ಗಾಳಿ ಎಷ್ಟು ಕೊಟ್ಟರೆ ಅಷ್ಟೇ ವೇಗ.

ನಾನು ಮೆಕ್ಯಾನಿಕಲ್ ಬಿ.ಇ. ಆರನೇ ಸೆಮಿಸ್ಟರ್ ವಿದ್ಯಾರ್ಥಿ. ಊರು ಗಂಗೊಳ್ಳಿ. ಅಪ್ಪಯ್ಯ ಮೂವತ್ತು ವರ್ಷ ಟ್ರಾಲ್ ಬೋಟಿನ ತಾಂಡೇಲರಾಗಿದ್ದವರು. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಈಗ ಬಂದರಿನಲ್ಲಿ ಕೂತು ಬಲೆ ದುರಸ್ತಿ ಮಾಡುತ್ತಾರೆ. ಉಡುಪಿ ಕಡೆಯ ನಿವೃತ್ತ ಮರೈನ್ ಎಂಜಿನಿಯರ್ ಒಬ್ಬರು ಗೋವಾದಲ್ಲಿ 26 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದರು. ಮಳೆಗಾಲಕ್ಕೆ ಮುಂಚೆ ಅದನ್ನು ಮಲ್ಪೆಗೆ ತಂದು ದಡಕ್ಕೆ ಏರಿಸಬೇಕಿತ್ತು. ಕಾರವಾರದವರೆಗೆ ತಂದಾಗಿತ್ತು, ಅಲ್ಲಿಂದ ಕೆಳಗಿನ ಅಳಿವೆಗಳನ್ನು ಬಲ್ಲವರು ಬೇಕಿತ್ತು. ಯಾರೋ ಅಪ್ಪಯ್ಯನ ಹೆಸರು ಹೇಳಿದರು. ಹಗ್ಗ ಎಳೆಯಲು ಇನ್ನೊಂದು ಜೋಡಿ ಕೈ ಬೇಕು ಎಂದಾಗ ಅಪ್ಪಯ್ಯ ನನ್ನ ಹೆಸರು ಹೇಳಿದರು.

ಇಂಟರ್ನಲ್ಸ್ ಮುಗಿದಿತ್ತು. ಹೋಗಲು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನಾನು ಓಡಿಹೋಗುತ್ತಿದ್ದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನನಗೆ ಬ್ಯಾಕ್ ಉಳಿದಿತ್ತು. ಎರಡನೇ ಸಲ ಬರೆದೂ ಹೋಗಿತ್ತು. ‘ಆ್ಯಕ್ಟಿವ್ ಬ್ಯಾಕ್‌ಲಾಗ್ ಇರಬಾರದು’ ಎಂಬ ಒಂದು ಸಾಲು ಪ್ಲೇಸ್‌ಮೆಂಟ್ ನೋಟಿಸ್‌ಗಳಲ್ಲಿ ಎಷ್ಟು ದಪ್ಪಗೆ ಕಾಣುತ್ತದೆ ಎನ್ನುವುದು ಬ್ಯಾಕ್ ಇದ್ದವರಿಗಷ್ಟೇ ಗೊತ್ತು. ಮನೆಯಲ್ಲಿ ‘ಎಲ್ಲ ಪಾಸ್’ ಎಂದು ಹೇಳಿಬಿಟ್ಟಿದ್ದೆ.

ಮೂಡುಗಾಳಿ, ಪಡುಗಾಳಿ

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಕಾರವಾರ ಬಿಟ್ಟೆವು. ಬಂದರು ಕಚೇರಿಗೆ ಮತ್ತು ಕರಾವಳಿ ಕಾವಲು ಪೊಲೀಸರಿಗೆ ಸರ್ ಮೊದಲೇ ಪ್ರಯಾಣದ ವಿವರ, ನಮ್ಮ ಗುರುತಿನ ಚೀಟಿಗಳ ನಕಲು ಎಲ್ಲ ಕೊಟ್ಟಿದ್ದರು. ದಕ್ಷಿಣಕ್ಕೆ ತಿರುಗುತ್ತಲೇ ಸಿಗುವುದು ಅರ್ಗಾದ ನೌಕಾನೆಲೆ. ಅಲ್ಲಿ ದಡದ ಹತ್ತಿರ ಸುಳಿಯುವಂತಿಲ್ಲ, ದೂರದಿಂದ ಸುತ್ತಿ ಹೋಗಬೇಕು. ಅಂಜುದೀವ್ ದ್ವೀಪ ಮಂಜಿನಲ್ಲಿ ಕಪ್ಪಗೆ ಕಂಡಿತು. 1498ರಲ್ಲಿ ವಾಸ್ಕೊ ಡ ಗಾಮ ಹಡಗು ನಿಲ್ಲಿಸಿದ್ದ ಜಾಗವದು. ಕಾರವಾರದ ಎದುರಿಗೇ ಇದ್ದರೂ ಸೇರಿರುವುದು ಗೋವಾಕ್ಕೆ.

ನಸುಕಿನಲ್ಲಿ ಬೀಸುತ್ತಿದ್ದುದು ಮೂಡುಗಾಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಹಾಗಾಗಿ ಗಾಳಿ ನೆಲದಿಂದ ಕಡಲಿಗೆ ಹರಿಯುತ್ತದೆ. ಬಿಸಿಲೇರಿದ ಮೇಲೆ ಎಲ್ಲ ತಿರುಗುಮುರುಗು. ನೆಲ ಕಾಯುತ್ತದೆ, ಗಾಳಿ ಕಡಲಿನಿಂದ ದಡಕ್ಕೆ ಬರುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ನಮ್ಮವರು ಮೂಡುಗಾಳಿಯಲ್ಲಿ ಹೊರಗೆ ಹೋಗಿ, ಪಡುಗಾಳಿಯಲ್ಲಿ ಮನೆಗೆ ಬರುತ್ತಿದ್ದರು. ನನ್ನ ಅಜ್ಜಯ್ಯ ಹಂಚು ಸಾಗಿಸುವ ಮಂಜಿಯಲ್ಲಿ ದುಡಿದವರಂತೆ. ‘ಲ್ಯಾಂಡ್ ಬ್ರೀಜ್, ಸೀ ಬ್ರೀಜ್’ ಎಂದು ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತೆಗೆದುಕೊಂಡಿದ್ದೆ. ಅದು ನನ್ನ ಮನೆಯ ಅನ್ನದ ವಿಷಯ ಎಂದು ಆಗ ಹೊಳೆದಿರಲಿಲ್ಲ.

ಈ ಎರಡು ಗಾಳಿಗಳ ನಡುವೆ ಒಂದು ಹೊತ್ತು ಬರುತ್ತದೆ. ಹತ್ತು ಗಂಟೆಯ ಸುಮಾರಿಗೆ ಎರಡೂ ಇರುವುದಿಲ್ಲ. ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಕಡಲು ಎಣ್ಣೆ ಸುರಿದಂತೆ ನುಣ್ಣಗಾಯಿತು. ದೋಣಿ ನಿಂತಲ್ಲೇ ತೂಗುತ್ತಿತ್ತು. ಬೆನ್ನು ಸುಡುವ ಬಿಸಿಲು. ಹಿಂದೆ ಒಂದು ಪುಟ್ಟ ಔಟ್‌ಬೋರ್ಡ್ ಎಂಜಿನ್ ಇತ್ತು, ಅದನ್ನು ಹಾಕೋಣ ಎಂದೆ.

‘ಎಂತ ಗಡಿಬಿಡಿ? ಗಾಳಿ ಬತ್ತ್. ನೀ ಸುಮ್ಮನೆ ಕೂಕೊ’ ಎಂದರು ಅಪ್ಪಯ್ಯ.

ಮೊಬೈಲ್ ತೆಗೆದರೆ ಸಿಗ್ನಲ್ ಇಲ್ಲ. ಮಾಡಲು ಏನೂ ಇಲ್ಲದ ಎರಡು ತಾಸನ್ನು ನಾನು ಕೊನೆಯದಾಗಿ ಯಾವಾಗ ಕಳೆದಿದ್ದೆನೋ ನೆನಪಾಗಲಿಲ್ಲ. ಹನ್ನೆರಡೂವರೆಗೆ ವಾಯವ್ಯದಲ್ಲಿ ನೀರಿನ ಬಣ್ಣ ಕಡುವಾಯಿತು. ಅಪ್ಪಯ್ಯ ಕಣ್ಣಲ್ಲೇ ತೋರಿಸಿದರು. ಆ ಕಡು ಗೆರೆ ನಮ್ಮ ಹತ್ತಿರ ಸರಿದು ಬಂತು, ಕೆನ್ನೆಗೆ ತಂಪು ತಾಗಿತು, ಹಾಯಿ ಟಪ್ಪೆಂದು ತುಂಬಿಕೊಂಡಿತು. ನಾಲ್ಕು ನಾಟ್ ವೇಗ. ಗಂಟೆಗೆ ಏಳೂವರೆ ಕಿ.ಮೀ. ಎನ್ನಿ. ಸೈಕಲ್ಲಿನವನೂ ನಮ್ಮನ್ನು ಹಿಂದೆ ಹಾಕುತ್ತಾನೆ. ಆದರೂ ಎಂಜಿನ್ ಸದ್ದಿಲ್ಲದೆ ನೀರು ಸೀಳಿ ಹೋಗುವಾಗ ಮೈ ಜುಮ್ಮೆನ್ನುತ್ತದೆ.

ಸಂಜೆ ತದಡಿ ಸೇರಿದೆವು. ಅಘನಾಶಿನಿಯ ಅಳಿವೆ ಅದು. ಹುಟ್ಟಿನಿಂದ ಕಡಲಿನವರೆಗೆ ಒಂದೂ ಅಣೆಕಟ್ಟಿಲ್ಲದೆ ಹರಿಯುವ ನದಿ, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಇಳಿತದ ಕೆಸರಿನಲ್ಲಿ ಹೆಂಗಸರು ಬಗ್ಗಿ ಚಿಪ್ಪಿಕಲ್ಲು ಆರಿಸುತ್ತಿದ್ದರು. ಲಂಗರು ಹಾಕಿ, ಸ್ಟೌ ಮೇಲೆ ಗಂಜಿ ಬೇಯಿಸಿ, ಬಂಗುಡೆ ಸುಟ್ಟು ತಿಂದೆವು. ಎಂಟು ಗಂಟೆಗೇ ನಿದ್ದೆ.

ಟೋಪಿ ಹೋಯಿತು

ಎರಡನೇ ದಿನ ಹೊನ್ನಾವರದ ಕಡೆಗೆ. ಹದಿನೈದು ನಾಟಿಕಲ್ ಮೈಲು, ಅಂದರೆ ಸುಮಾರು 28 ಕಿ.ಮೀ. ಮಧ್ಯಾಹ್ನದ ಪಡುಗಾಳಿ ಬಲ ಹಿಂಬದಿಯಿಂದ ಬರುತ್ತಿತ್ತು. ಹಾಯಿಯನ್ನು ಎಡಕ್ಕೆ ಪೂರ್ತಿ ಬಿಚ್ಚಿಟ್ಟು ಆರಾಮವಾಗಿ ಸಾಗುತ್ತಿದ್ದೆವು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಸರ್ ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದರು: ‘ಗಾಳಿ ಬೆನ್ನಿಗಿರುವಾಗ ದೋಣಿ ಎಡಕ್ಕೆ ತಿರುಗಬಾರದು. ತಿರುಗಿದರೆ ಗಾಳಿ ಹಾಯಿಯ ಆಚೆ ಬದಿಗೆ ಹೋಗುತ್ತೆ, ಬೂಮ್ ಈ ಕಡೆಯಿಂದ ಆ ಕಡೆಗೆ ಬೀಸಿ ಬರುತ್ತೆ.’ ಬೂಮ್ ಎಂದರೆ ಹಾಯಿಯ ಬುಡಕ್ಕೆ ಕಟ್ಟಿದ ಅಡ್ಡಕಂಬ. ನಮ್ಮದು ಅಲ್ಯೂಮಿನಿಯಂನದು.

ಬಸವರಾಜದುರ್ಗ ದ್ವೀಪ ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಮೊಬೈಲ್ ನಡುಗಿತು. ಒಂದಲ್ಲ, ನಲವತ್ತು ಸಲ. ಸಿಗ್ನಲ್ ಬಂದಿತ್ತು. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಇಂಟರ್ನ್‌ಷಿಪ್‌ನ ಶಾರ್ಟ್‌ಲಿಸ್ಟ್ ಬಿದ್ದಿತ್ತು. ಹೆಸರುಗಳ ಮೇಲೆ ಬೆರಳಾಡಿಸಿದೆ. ನನ್ನದು ಇರುವುದಿಲ್ಲ ಎಂದು ಗೊತ್ತಿದ್ದೂ ಹುಡುಕಿದೆ. ರೂಮ್‌ಮೇಟ್ ಹೆಸರಿತ್ತು.

ಎಷ್ಟು ಸೆಕೆಂಡ್ ಆಯಿತೋ. ‘ಏಯ್!’ ಎಂದು ಸರ್ ಕಿರುಚಿದರು. ತಲೆ ಎತ್ತುವಷ್ಟರಲ್ಲಿ ಬೂಮ್ ನಮ್ಮ ಮೇಲೆ ಬೀಸಿ ಬರುತ್ತಿತ್ತು. ಹಗ್ಗ ಸುತ್ತುತ್ತ ಕೂತಿದ್ದ ಅಪ್ಪಯ್ಯ ಸಟ್ಟನೆ ಬಗ್ಗಿದರು. ಅವರ ತಲೆಯ ಮೇಲಿದ್ದ ಟೋಪಿಯನ್ನು ಬೂಮ್ ಹೊತ್ತೊಯ್ದಿತು. ಆಚೆ ಬದಿಗೆ ಬಡಿದಾಗ ಇಡೀ ದೋಣಿ ಅದುರಿತು.

ಯಾರೂ ಮಾತಾಡಲಿಲ್ಲ. ಹಿಂದೆ ನೀರಿನಲ್ಲಿ ಟೋಪಿ ತೇಲುತ್ತ ಸಣ್ಣದಾಗುತ್ತಿತ್ತು. ಒಂದು ಗೇಣು ಕೆಳಗೆ ಬಂದಿದ್ದರೆ? ಅದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ. ಅಪ್ಪಯ್ಯ ತಲೆ ಸವರಿಕೊಂಡು, ‘ಟೋಪಿ ಹೋಯ್ತ್, ತಲೆ ಉಳೀತ್’ ಎಂದು ನಕ್ಕರು. ನಾನು ನಗಲಿಲ್ಲ. ಸರ್ ಬೈಯಲಿಲ್ಲ. ಮೊಬೈಲ್ ಕೊಡು ಎಂದು ಕೈ ಚಾಚಿದರು, ಕೊಟ್ಟೆ, ಒಳಗಿನ ಡಬ್ಬಿಯಲ್ಲಿ ಹಾಕಿದರು.

ಅಳಿವೆಯ ಹೊರಗೆ

ಮೂರೂವರೆಗೆ ಶರಾವತಿಯ ಅಳಿವೆಯೆದುರು ಬಂದಾಗ ನೀರು ಇಳಿತದಲ್ಲಿತ್ತು. ನದಿ ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ. ಅವೆರಡೂ ಹೂಳಿನ ದಿಬ್ಬದ ಮೇಲೆ ಎದುರಾಗುವಲ್ಲಿ ಅಲೆ ಚೂಪಾಗಿ ಎದ್ದು ಬೆಳ್ಳಗೆ ಒಡೆಯುತ್ತದೆ. ಕರಾವಳಿಯ ದೋಣಿಗಳು ಮಗುಚುವುದು ಹೆಚ್ಚಾಗಿ ನಡುಗಡಲಿನಲ್ಲಲ್ಲ, ಮನೆ ಕಣ್ಣಿಗೆ ಕಾಣುವ ಇಂಥ ಜಾಗದಲ್ಲಿ. ನಮ್ಮ ಇಡೀ ಕರಾವಳಿಯಲ್ಲಿ ಉಬ್ಬರ ಇಳಿತಗಳ ವ್ಯತ್ಯಾಸ ಒಂದೂವರೆ, ಎರಡು ಮೀಟರ್ ಅಷ್ಟೇ. ಆದರೆ ನೀರಿನ ಕೆಳಗೆ ಒಂದೂಕಾಲು ಮೀಟರ್ ಇಳಿದಿರುವ ದೋಣಿಗೆ ಅದೇ ಜೀವ.

‘ಭರತ ಏರ್‍ಲಿ. ಎರಡ್ ತಾಸ್ ಕಾಯ್ಕ್’ ಎಂದರು ಅಪ್ಪಯ್ಯ. ಆಳ ಅಳೆಯುವ ಯಂತ್ರ ನೋಡಿ ಸರ್ ಕೂಡ ತಲೆಯಾಡಿಸಿದರು. ಹೊರಗೆ ಲಂಗರು ಹಾಕಿದೆವು. ಸರ್ ಒಳಗೆ ಹೋಗಿ ಒರಗಿಕೊಂಡರು.

ಅಪ್ಪಯ್ಯ ಮತ್ತು ನಾನು. ಎದುರಿಗೆ ಬಿಳಿ ಗೆರೆ. ಅದರಾಚೆ ಎರಡು ಕಿ.ಮೀ. ಉದ್ದದ ಕೊಂಕಣ ರೈಲ್ವೆ ಸೇತುವೆಯ ಮೇಲೆ ರೈಲೊಂದು ಆಟದ ಸಾಮಾನಿನ ಹಾಗೆ ಹೋಗುತ್ತಿತ್ತು.

‘ಮೊಬೈಲಲ್ಲಿ ಎಂತ ಇತ್ತ್?’

ಸುಳ್ಳು ಹೇಳಬಹುದಿತ್ತು. ಟೋಪಿಯಿಲ್ಲದ ಅವರ ತಲೆ ನೋಡಿದೆ. ನಡುನೆತ್ತಿ ಬೋಳಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಎಲ್ಲ ಹೇಳಿದೆ. ಬ್ಯಾಕ್ ಇರುವುದು, ಎರಡು ಸಲ ಹೋಗಿದ್ದು, ‘ಪಾಸ್’ ಎಂದು ಸುಳ್ಳು ಹೇಳಿದ್ದು, ಶಾರ್ಟ್‌ಲಿಸ್ಟ್.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಎಂತದ್ದ್ ಸಬ್ಜೆಕ್ಟ್?’

‘ಫ್ಲೂಯಿಡ್ ಮೆಕ್ಯಾನಿಕ್ಸ್. ನೀರು, ಗಾಳಿ ಹರಿಯೋದರ ಲೆಕ್ಕ.’

‘ತಾಂಡೇಲನ ಮಗ ನೀರಲ್ಲೇ ಫೇಲಾ?’

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಿಳಿ ಗೆರೆಯತ್ತ ಕೈ ತೋರಿಸಿ ಒಂದು ಕಥೆ ಹೇಳಿದರು. ನಾನು ಆಗಿನ್ನೂ ಅಂಗನವಾಡಿ. ನಮ್ಮೂರ ಅಳಿವೆಯಲ್ಲೇ. ಮುಂದೆ ಮೂರು ಬೋಟು ದಾಟಿ ಹೋಗಿದ್ದವು. ತಡವಾದರೆ ಹರಾಜಿನಲ್ಲಿ ಮೀನಿಗೆ ರೇಟು ಬೀಳುತ್ತದೆ. ಇವರೂ ನುಗ್ಗಿಸಿದರು. ನಾಲ್ಕನೇ ಅಲೆ ಬೋಟನ್ನು ಅಡ್ಡ ತಿರುಗಿಸಿ ಮಗುಚಿತು. ಎಲ್ಲರೂ ಈಜಿ ಬದುಕಿದರು. ಬಲೆ, ಮೀನು ಹೋಯಿತು. ಬಲೆಯಲ್ಲಿ ಅಪ್ಪಯ್ಯನ ಪಾಲೂ ಇತ್ತು, ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು.

‘ಮನೆಲಿ ಎಂಜಿನ್ ಕೆಟ್ಟದ್ದ್ ಅಂದಿದ್ದೆ. ನಿನ್ನ ಅಮ್ಮಂಗೆ ಎರಡ್ ವರ್ಷ ಸತ್ಯ ಹೇಳಲ್ಲೆ. ಸಾಲಕ್ಕಿಂತ ಅದೇ ಭಾರ ಆಯ್ತ್.’

ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಕಡ್ಲಿಗ್ ಹೋಪುಕೆ ಗಡಿಬಿಡಿ ಮಾಡ್ಲಕ್ಕ್. ಅಳಿವೆ ಒಳಗ್ ಬಪ್ಪುಕೆ ಮಾಡುಕಾಗ’ ಎಂದರು. ಐದೂವರೆಗೆ ಬಿಳಿ ಗೆರೆ ತೆಳ್ಳಗಾಯಿತು. ಒಳಹೋಗುತ್ತಿದ್ದ ಊರಿನ ದೋಣಿಯೊಂದರ ಹಿಂದೆ, ಅದೇ ದಾರಿಯಲ್ಲಿ, ಎಂಜಿನ್ ಹಾಕಿ ಮೆಲ್ಲಗೆ ಒಳಗೆ ಬಂದೆವು.

ಚಮಚ ಕಲಿಸಿದ ಪಾಠ

ಮೂರನೇ ದಿನ ಬೆಳಿಗ್ಗೆ ಚುಕ್ಕಾಣಿಯ ಹತ್ತಿರ ಹೋಗಲು ನನಗೆ ಧೈರ್ಯವಿರಲಿಲ್ಲ. ಅಪ್ಪಯ್ಯ ಕರೆದು ಅದನ್ನೇ ಕೈಗಿತ್ತರು. ಒಂದು ಮಾತೂ ಆಡಲಿಲ್ಲ.

ಅಂದು ಗಾಳಿ ಉಲ್ಟಾ. ದಕ್ಷಿಣದಲ್ಲಿ ಮೋಡ ಕಟ್ಟಿತ್ತು, ನಾವು ಹೋಗಬೇಕಾದ ಭಟ್ಕಳದ ದಿಕ್ಕಿನಿಂದಲೇ ಗಾಳಿ ಬೀಸುತ್ತಿತ್ತು. ಎದುರು ಗಾಳಿಗೆ ಹಾಯಿದೋಣಿ ಹೇಗೆ ಹೋಗುತ್ತದೆ? ಸರ್ ನನ್ನನ್ನೇ ಕೇಳಿದರು. ಬಾಯಿಪಾಠ ಒಪ್ಪಿಸಿದೆ: ‘ಬರ್ನೌಲಿ ಸರ್. ಹಾಯಿಯ ಉಬ್ಬಿದ ಬದಿಯಲ್ಲಿ ಗಾಳಿ ಹೆಚ್ಚು ದೂರ ಹೋಗಬೇಕು, ಅದಕ್ಕೆ ವೇಗ ಜಾಸ್ತಿ, ಒತ್ತಡ ಕಡಿಮೆ.’

‘ಹಾಯಿ ಎಷ್ಟು ದಪ್ಪ ಇದೆ?’ ಎಂದರು.

ಮುಟ್ಟಿ ನೋಡಿದೆ. ಬಟ್ಟೆ. ಎರಡೂ ಬದಿಯ ಉದ್ದ ಒಂದೇ! ಎರಡು ವರ್ಷದಿಂದ ಬರೆಯುತ್ತಿದ್ದ ಉತ್ತರ ಎರಡು ಸೆಕೆಂಡಿನಲ್ಲಿ ಬಿದ್ದುಹೋಯಿತು.

ಸರ್ ಒಂದು ಚಮಚವನ್ನು ಬಾಲದಲ್ಲಿ ಹಿಡಿದು ಸಡಿಲವಾಗಿ ತೂಗಿಬಿಟ್ಟರು. ಬಾಟಲಿಯಿಂದ ಅದರ ಉಬ್ಬಿದ ಬೆನ್ನಿಗೆ ತಾಗುವಂತೆ ನೀರು ಸುರಿದರು. ನೀರು ಚಮಚವನ್ನು ಆಚೆ ತಳ್ಳುತ್ತದೆ ಎಂದುಕೊಂಡಿದ್ದೆ. ಅದು ನೀರಿನ ಕಡೆಗೇ ಸೆಳೆದುಕೊಂಡಿತು. ನೀರು ಉಬ್ಬನ್ನು ಅಪ್ಪಿಕೊಂಡು ಹರಿದು ಬಾಗುತ್ತದೆ, ನೀರನ್ನು ಬಾಗಿಸಿದ ಚಮಚಕ್ಕೆ ಎದುರು ದಿಕ್ಕಿನಲ್ಲಿ ಸೆಳೆತ ಸಿಗುತ್ತದೆ. ಹಾಯಿಯೂ ಹಾಗೆಯೇ. ಗಾಳಿಯನ್ನು ಬಾಗಿಸುತ್ತದೆ, ಉಬ್ಬಿದ ಬದಿಯಲ್ಲಿ ಒತ್ತಡ ಇಳಿಯುತ್ತದೆ, ದೋಣಿ ಆ ಕಡೆಗೆ ಎಳೆಯಲ್ಪಡುತ್ತದೆ. ಅದರಲ್ಲಿ ಅಡ್ಡಕ್ಕೆ ತಳ್ಳುವ ಪಾಲನ್ನು ದೋಣಿಯ ಅಡಿಯಲ್ಲಿರುವ ಹಲಗೆಯಂಥ ಕೀಲ್ ತಡೆದು ನಿಲ್ಲಿಸುತ್ತದೆ, ಮುಂದಕ್ಕೆ ತಳ್ಳುವ ಪಾಲು ಉಳಿಯುತ್ತದೆ. ಬರ್ನೌಲಿ ಸೂತ್ರ ಸುಳ್ಳಲ್ಲ. ಅದಕ್ಕೆ ನಾನು ಕೊಡುತ್ತಿದ್ದ ಕಾರಣ ಸುಳ್ಳು.

ಆದರೂ ನೇರ ಗಾಳಿಯ ಬಾಯಿಗೆ ಹೋಗಲಾಗದು. ಹೆಚ್ಚುಕಡಿಮೆ 45 ಡಿಗ್ರಿ ಓರೆಯಾಗಿ ಬಲಕ್ಕೆ ಸ್ವಲ್ಪ ದೂರ, ಮತ್ತೆ ತಿರುಗಿಸಿ ಎಡಕ್ಕೆ ಸ್ವಲ್ಪ ದೂರ. ಅಂಕುಡೊಂಕು. ಲೆಕ್ಕ ಹಾಕಿದೆ: ದಾರಿ 1.4 ಪಟ್ಟು ಉದ್ದವಾಗುತ್ತದೆ. ಹತ್ತೊಂಬತ್ತು ಮೈಲಿನ ದಾರಿಗೆ ಇಪ್ಪತ್ತೇಳು ಮೈಲು. ಪ್ರತಿ ತಿರುವಿನಲ್ಲೂ ಹಾಯಿ ಪಟಪಟ ಬಡಿದು, ದೋಣಿ ನಿಂತೇಹೋಯಿತು ಎನ್ನಿಸಿ, ಮತ್ತೆ ತುಂಬಿಕೊಳ್ಳುತ್ತಿತ್ತು. ಮುರುಡೇಶ್ವರದ ಗೋಪುರ ಮತ್ತು 123 ಅಡಿಯ ಶಿವ ಗಂಟೆಗಟ್ಟಲೆ ಕಣ್ಣೆದುರೇ ಇದ್ದರು, ಹತ್ತಿರವಾಗಲೇ ಒಲ್ಲರು! ಪಶ್ಚಿಮದಲ್ಲಿ ನೇತ್ರಾಣಿ ದ್ವೀಪ ನೀಲಿಯಾಗಿ ಮಸುಕಾಗಿತ್ತು.

ಅಪ್ಪಯ್ಯ ಆಗ ತಮ್ಮ ಹಳೆಯ ವಿದ್ಯೆ ತೋರಿಸಿದರು. ಜಿಪಿಎಸ್ ಬರುವ ಮುಂಚೆ ಅವರು ಜಾಗ ಗುರುತಿಸುತ್ತಿದ್ದುದು ದಡದ ಗುರುತುಗಳಿಂದ. ಒಂದು ಗೋಪುರ ಮತ್ತು ಹಿಂದಿನ ಗುಡ್ಡದ ತುದಿ ಒಂದೇ ಗೆರೆಗೆ ಬಂದರೆ ನೀವು ಆ ಗೆರೆಯ ಮೇಲಿದ್ದೀರಿ. ಇನ್ನೊಂದು ಕಡೆ ದೀಪಸ್ತಂಭ, ತೆಂಗಿನ ತೋಪು ಒಂದಾದರೆ ಎರಡನೇ ಗೆರೆ. ಎರಡೂ ಕೂಡುವಲ್ಲಿ ನೀವು. ಸಿವಿಲ್ ಗೆಳೆಯರು ದುಬಾರಿ ಉಪಕರಣ ಇಟ್ಟು ಮಾಡುವ ಸರ್ವೆ ಇದೇ ಅಲ್ಲವೇ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ನನ್ನಪ್ಪ. ಅವರಿಗೆ ‘ಏನೂ ಅರ್ಥ ಆಗಲ್ಲ’ ಎಂದುಕೊಂಡೇ ನಾನು ಸುಳ್ಳು ಹೇಳಿದ್ದೆ.

ರಸ್ತೆಯನ್ನು ಕಡಲಿನಿಂದ ನೋಡಿದೆ

ನಾಲ್ಕನೇ ದಿನ ಭಟ್ಕಳದಿಂದ ಗಂಗೊಳ್ಳಿ. ಬೈಂದೂರಿನ ಒತ್ತಿನೆಣೆ ದಾಟಿ ಮರವಂತೆ ಎದುರು ಬಂದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಬಸ್ಸಿನ ಕಿಟಕಿಯಿಂದ ನೂರು ಸಲ ಈ ಕಡಲು ನೋಡಿದವನು ಮೊದಲ ಸಲ ಕಡಲಿನಿಂದ ಬಸ್ಸು ನೋಡಿದೆ. ಹಿಂದೆ ಮಬ್ಬಿನಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿ. ಬಸ್ಸಿನಲ್ಲಿ ಕೂತವರೆಲ್ಲ ಎಲ್ಲಿಗೋ ತಡವಾಗಿದೆ ಎಂಬಂತೆ ಓಡುತ್ತಿದ್ದರು. ಅದರಲ್ಲೊಬ್ಬ ನಾನೇ.

ಐದು ನದಿ ಕೂಡುವ ನಮ್ಮೂರ ಅಳಿವೆಯನ್ನು ಈ ಸಲ ಭರತದಲ್ಲೇ ದಾಟಿದೆವು. ಆ ಹಳೆಯ ಜಾಗ ಬಂದಾಗ ಅಪ್ಪಯ್ಯ ಬರೀ ಗಲ್ಲ ಎತ್ತಿ ತೋರಿಸಿದರು. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮನಿಗೆ ನಾನೇ ಹೇಳಿದೆ. ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಿದರು. ‘ಮತ್ತೆ ಬರೂಕಾತ್ತಾ?’ ಎಂದು ಕೇಳಿದರು. ಆಗುತ್ತದೆ ಎಂದೆ. ಮತ್ತೆ ಸಾರು ಬಂತು. ತಿಂಗಳುಗಟ್ಟಲೆ ಹೆದರಿದ್ದು ಇಷ್ಟಕ್ಕೇ.

ಐದನೇ ದಿನ ಮಲ್ಪೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳನ್ನು ಬಲಕ್ಕೆ ಬಿಟ್ಟು ಬಂದರು ಸೇರಿದಾಗ ನಾಲ್ಕು ಗಂಟೆ. ದೋಣಿ ಕಟ್ಟಿದ ಮೇಲೆ ಸರ್ ಒಂದು ವಿಷಯ ಹೇಳಿದರು, ನನ್ನಂಥವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮೆಕ್ಯಾನಿಕಲ್ ಬಿ.ಇ. ಮುಗಿಸಿದವರು ಡಿ.ಜಿ. ಶಿಪ್ಪಿಂಗ್ ಮಾನ್ಯತೆಯ ಒಂದು ವರ್ಷದ ಜಿಎಂಇ ತರಬೇತಿ ಪಡೆದು ಹಡಗಿನ ಎಂಜಿನಿಯರ್ ಆಗುವ ದಾರಿಯಿದೆ. ಕ್ಯಾಂಪಸ್‌ಗೆ ಬರುವ ಕಂಪನಿಗಳಷ್ಟೇ ಜಗತ್ತಲ್ಲ. ‘ಆದರೆ ಅಲ್ಲೂ ಡಿಗ್ರಿ ಪಾಸಾಗಿರಬೇಕು’ ಎಂದು ನಕ್ಕರು.

ಹಾಯಿದೋಣಿ ನಮಗೆಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಕಾಲೇಜಿನಲ್ಲಿ ಎನ್‌ಸಿಸಿ ನೌಕಾದಳ ಇದ್ದರೆ ಸೇರಿ, ಅಲ್ಲಿ ಹಾಯಿ ನಡೆಸುವುದನ್ನು ಕಲಿಸುತ್ತಾರೆ. ಕಡಲಿಗಿಳಿಯುವವರು ಲೈಫ್ ಜಾಕೆಟ್ ಮರೆಯಬೇಡಿ. ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗಳು ನೆನಪಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಮೀನುಗಾರಿಕೆ ನಿಲ್ಲಿಸಿ ದಡದಲ್ಲಿರುತ್ತವೆ. ಆಗ ಕಡಲು ಯಾರ ಮಾತೂ ಕೇಳುವುದಿಲ್ಲ.

ಮುಂದಿನ ತಿಂಗಳು ನನ್ನ ಮೂರನೇ ಪ್ರಯತ್ನ. ಪಾಸಾಗುತ್ತೇನೋ ಇಲ್ಲವೋ ಬರೆದ ಮೇಲೆ ತಿಳಿಯುತ್ತದೆ. ಈ ಸಲ ಬಾಯಿಪಾಠ ಬಿಟ್ಟಿದ್ದೇನೆ. ಪ್ರತಿ ಸೂತ್ರದ ಎದುರು ‘ಏಕೆ?’ ಎಂದು ಬರೆದುಕೊಂಡು ಕೂರುತ್ತೇನೆ. ಹಾಸ್ಟೆಲ್ ನಲ್ಲಿಯ ಕೆಳಗೆ ಚಮಚ ಹಿಡಿದು ನಿಂತಾಗ ಹುಡುಗರು ವಿಚಿತ್ರವಾಗಿ ನೋಡುತ್ತಾರೆ. ವಾರಕ್ಕೊಮ್ಮೆ ಅಪ್ಪಯ್ಯನ ಫೋನ್: ‘ನೀರಿನ ಲೆಕ್ಕ ಎಲ್ಲಿಗ್ ಬಂತ್?’

ಅಂದು ಮಲ್ಪೆ ಪೇಟೆಯಲ್ಲಿ ನನ್ನ ಪಾಕೆಟ್ ಮನಿಯಿಂದ 150 ರೂಪಾಯಿ ಕೊಟ್ಟು ಅಪ್ಪಯ್ಯನಿಗೊಂದು ಟೋಪಿ ಕೊಂಡೆ. ತಿರುಗಿಸಿ ನೋಡಿದರು, ತಲೆಗೆ ಒತ್ತಿ ಇಟ್ಟುಕೊಂಡರು.

‘ಇದನ್ನ್ ಹಾರ್ಸ್‌ಬೇಡ’ ಎಂದರು.